ಗುರುವಾರದ ರಕ್ತ

ಪ್ರಯೋಗಾಲಯ, ಎರಡನೇ ಮಹಡಿ
ಗುರುವಾರ, ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಎಡಗಾಲಿನ ಊತ ಇಳಿಯಿತಾ? ಮೊನ್ನೆ ಚಿಕ್ಕಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಮೀನಖಂಡ ಬಿಗಿದು ಕಲ್ಲಿನ ಹಾಗಾಗಿದೆಯಂತೆ, ಮುಟ್ಟಿದರೆ ಬಿಸಿಯಂತೆ, ಸಂಜೆ ಕ್ರೇನಿನಿಂದ ಇಳಿದ ಮೇಲೆ ಜೊತೆಯವನೊಬ್ಬ ಎಣ್ಣೆ ಹಚ್ಚಿ ಒತ್ತಿಕೊಡುತ್ತಾನಂತೆ, ಆಗ ನಿನಗೆ ಹಾಯೆನಿಸುತ್ತದಂತೆ. ಒಂಬತ್ತು ಗಂಟೆ ಆ ಗಾಜಿನ ಗೂಡಿನಲ್ಲಿ ಕಾಲು ಮಡಚಿ ಕೂತು ಹಡಗಿನ ಪೆಟ್ಟಿಗೆಗಳನ್ನು ಎತ್ತಿ ಇಳಿಸುವವನಿಗೆ ಕಾಲು ಊದದೆ ಇನ್ನೇನಾಗುತ್ತದೆ ಎಂದು ತೀರ್ಪೂ ಅವಳೇ ಕೊಟ್ಟಳು. ನೀರು ಕುಡಿಯುತ್ತೀಯಾ? ಇಲ್ಲ, ನನಗೆ ಗೊತ್ತು. ಕುಡಿದರೆ ಇಳಿಯಬೇಕು, ಇಳಿದರೆ ಮತ್ತೆ ಅಷ್ಟೂ ಮೆಟ್ಟಿಲು ಹತ್ತಬೇಕು, ಅಷ್ಟರಲ್ಲಿ ಕೆಳಗಿರುವ ಮೇಸ್ತ್ರಿ ಬಾಯಿಗೆ ಬಂದಂತೆ ಬೈಯುತ್ತಾನೆ. ನೀನು ಬಾಯಿ ಒಣಗಿಸಿಕೊಂಡೇ ಕೂರುವವನು. ಅಮ್ಮ ಸುಮ್ಮನೆ ನಿನ್ನನ್ನು ಮೊಂಡ ಎಂದು ಕರೆಯುತ್ತಿರಲಿಲ್ಲ. ಇನ್ನು ನನ್ನ ಆರೋಗ್ಯ ಚೆನ್ನಾಗಿದೆ. ಜಿಗಣೆಗಳಿಗೆ ಕಾಯಿಲೆ ಕಡಿಮೆ.

ಕಾಗದ ನೋಡಿ ನೀನು ಈಗಾಗಲೇ ಮುಖ ಗಂಟಿಕ್ಕಿಕೊಂಡಿರುತ್ತೀಯ. ಹನ್ನೊಂದು ತಿಂಗಳಿಂದ ನನ್ನ ನಂಬರನ್ನು ತಡೆಹಿಡಿದಿದ್ದೀಯ. ಅವಳ ಸುದ್ದಿ ಎತ್ತಿದರೆ ನಿನ್ನ ಫೋನೂ ಎತ್ತುವುದಿಲ್ಲ ಎಂದು ಚಿಕ್ಕಮ್ಮನಿಗೂ ಹೇಳಿದ್ದೀಯಂತೆ. ಆಫೀಸಿನ ಫೋನಿನಿಂದ ಮಾಡಬಹುದಿತ್ತು, ಅದು ಕೆಳಗಿನ ಮಹಡಿಯಲ್ಲೇ ಇದೆ. ಮಾಡಲಿಲ್ಲ. ನನ್ನ ಮಾತನ್ನು ನೀನು ನಡುವೆ ಕತ್ತರಿಸಲಾಗದ ಹಾಗೆ ಒಂದೇ ಒಂದು ಸಲ ಹೇಳಿ ಮುಗಿಸಬೇಕು. ಈ ಪತ್ರದಲ್ಲಿ ನಿನ್ನ ಕಾಲಿನ ಬಗ್ಗೆ ಒಂದು ಮಾತಿದೆ. ನಿನ್ನ ಜೀವದ ಮಾತು ಎಂದರೂ ಸರಿಯೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲ ಪುಟ ಓದಿ ಉಳಿದದ್ದನ್ನು ಮಡಚಿ ಇಡುವುದು ನಿನ್ನ ಹಳೇ ಚಾಳಿ. ಹಾಸ್ಟೆಲಿನಲ್ಲಿದ್ದಾಗ ಅಮ್ಮ ನಾಲ್ಕು ಪುಟ ಬರೆದು, ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಬರುತ್ತೇನೆ ಎಂದು ಕೊನೆಯಲ್ಲಿ ತಿಳಿಸಿದ್ದಳು. ನೀನು ಎರಡನೇ ಪುಟ ತಿರುಗಿಸಲಿಲ್ಲ, ಆಟಕ್ಕೆ ಹೋದೆ. ಅವಳು ಬಿಸಿಲಲ್ಲಿ ಸಂಜೆಯವರೆಗೆ ಗೇಟಿನ ಹೊರಗೆ ನಿಂತು ವಾಪಸು ಬಂದಳು, ಬಂದು ನಿನ್ನನ್ನೇ ಹೊಗಳಿದಳು, ಹುಡುಗ ಚೆನ್ನಾಗಿ ಆಡುತ್ತಾನಂತೆ ಎಂದು. ನಾನು ಅಮ್ಮನಲ್ಲ. ಈ ಸಲ ಓದದಿದ್ದರೆ ನಷ್ಟ ಯಾರದು ಎಂದು ಮೊದಲೇ ಹೇಳಿದ್ದೇನೆ.

ಅಮ್ಮನನ್ನು ಕಳಿಸಿಕೊಟ್ಟು ಬಂದ ಸಂಜೆ, ಮನೆ ತುಂಬ ಜನ ಕೂತಿರುವಾಗ, ನೀನು ನನ್ನತ್ತ ಬೆರಳು ತೋರಿಸಿ, "ವಾರ ವಾರ ರಕ್ತ ಹೀರಿ ಹೀರಿ ಕೊಂದೆಯಲ್ಲೇ, ಜಿಗಣೆ" ಅಂದೆ. ಕೆಳಮನೆಯ ಅಜ್ಜಿ ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಈಗಲೂ ಮೆಟ್ಟಿಲಲ್ಲಿ ಎದುರಾದರೆ ಮೊಮ್ಮಗಳ ಕೈ ಹಿಡಿದು ಗೋಡೆಗೆ ಸರಿಯುತ್ತಾರೆ. ಹಾಗಾಗಿ ಆ ಹೀರಿದ ರಕ್ತದ ಲೆಕ್ಕವನ್ನು ಮೊದಲು ಕೇಳು. ವಾರಕ್ಕೆ ಎರಡು ಚಮಚ. ಮೂಗಿನಲ್ಲಿ ರಕ್ತ ಬಂದರೂ ಅದಕ್ಕಿಂತ ಹೆಚ್ಚು ಹೋಗುತ್ತದೆ. ಎರಡು ಚಮಚ ರಕ್ತ ಕೊಟ್ಟು ಯಾರೂ ಸತ್ತಿಲ್ಲ, ಅಮ್ಮನೂ ಅದರಿಂದ ಸಾಯಲಿಲ್ಲ. ನೀನು ನನ್ನ ಮೇಲೆ ಹೊರಿಸಿದ ತಪ್ಪು ನಾನು ಮಾಡಿದ್ದಲ್ಲ. ನಾನು ಮಾಡಿದ್ದು ಬೇರೆ, ಅದು ನಿನ್ನ ತಲೆಗೆ ಹೊಳೆಯುವಂಥದ್ದಲ್ಲ.

ನನ್ನ ಕೆಲಸ ಏನೆಂದು ಒಂದು ದಿನವೂ ನೀನು ಕೇಳಿದವನಲ್ಲ, ಈಗ ಕೇಳು. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಪುಟ್ಟ ಬಿಲ್ಲೆಗಳಿರುತ್ತವೆ. ಸುಮ್ಮನಿದ್ದಾಗ ನುಣ್ಣಗೆ, ತಮ್ಮ ಪಾಡಿಗೆ ತಾವಿರುತ್ತವೆ. ಎಲ್ಲಾದರೂ ಗಾಯದ ಸುಳಿವು ಸಿಕ್ಕಿತೋ, ಕೆರಳುತ್ತವೆ, ಮೈಮೇಲೆಲ್ಲ ಕೊಕ್ಕೆಗಳು ಏಳುತ್ತವೆ. ಪಕ್ಕದಲ್ಲಿ ಹರಿದು ಹೋಗುತ್ತಿರುವ ಬಿಳಿ ರಕ್ತಕಣ ಆ ಕೊಕ್ಕೆಗೆ ತಗುಲಿ ಮೊದಲು ವೇಗ ಕಳೆದುಕೊಳ್ಳುತ್ತದೆ, ಆಮೇಲೆ ಉರುಳುತ್ತದೆ, ಒಂದರಿಂದ ಬಿಡಿಸಿಕೊಂಡು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ, ಕೊನೆಗೆ ತಾನೇ ಹಿಡಿತ ಬಿಗಿ ಮಾಡಿ ನಿಂತುಬಿಡುತ್ತದೆ. ಒಮ್ಮೆ ಹಾಗೆ ನಿಂತರೆ ಮೇಲೆ ಹರಿಯುವ ರಕ್ತದ ರಭಸಕ್ಕೂ ಅದು ಜಗ್ಗುವುದಿಲ್ಲ. ಗಾಯವಿದ್ದ ಕಡೆ ಇದರಿಂದ ಉಪಕಾರ. ಗಾಯವೇ ಇಲ್ಲದ ಕಡೆ ಹೀಗೆ ಅಂಟತೊಡಗಿದರೆ ಒಂದರ ಮೇಲೊಂದು ಕೂತು ಗಂಟಾಗುತ್ತದೆ, ರಕ್ತನಾಳ ಮುಚ್ಚುತ್ತದೆ. ನಾವು ಇದನ್ನೇ ಗಾಜಿನ ಮೇಲೆ ಮಾಡಿ ನೋಡುತ್ತೇವೆ. ಒಬ್ಬರ ರಕ್ತದಿಂದ ಎರಡು ಗಾಜಿನ ಪಟ್ಟಿ. ಮೊದಲನೆಯದರಲ್ಲಿ ಪ್ಲೇಟ್‌ಲೆಟ್‌ಗಳನ್ನು ಇದ್ದ ಹಾಗೇ ಹರಡುತ್ತೇವೆ, ಎರಡನೆಯದಕ್ಕೆ ಅವುಗಳನ್ನು ಕೆರಳಿಸುವ ಔಷಧಿಯ ಒಂದು ಹನಿ. ಎರಡರ ಮೇಲೂ ಪಂಪಿನಿಂದ ಬಿಳಿ ಕಣಗಳನ್ನು ಹರಿಸಿ, ಐದು ನಿಮಿಷದಲ್ಲಿ ಎಷ್ಟು ನಿಂತವು ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೈಯಲ್ಲಿರುವ ಗುಂಡಿ ಒತ್ತಿ ಎಣಿಸುವುದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಒತ್ತಿ ಒತ್ತಿ ಹೆಬ್ಬೆರಳು ಜಡ್ಡುಗಟ್ಟಿದೆ.

ಮೊದಲನೇ ಪಟ್ಟಿಯ ಮೇಲೆ ಯಾವುದೂ ನಿಲ್ಲಬಾರದು, ಎಲ್ಲವೂ ಹರಿದು ಹೋಗಬೇಕು. ನಿಂತವು ಎಂದರೆ ರಕ್ತ ತೆಗೆದವರ ತಪ್ಪು ಎಂದೇ ನಮ್ಮಲ್ಲಿ ಲೆಕ್ಕ. ತೋಳಿನ ಪಟ್ಟಿ ಬಹಳ ಹೊತ್ತು ಕಟ್ಟಿದ್ದಾರೆ, ಸೂಜಿ ತೀರ ಸಣ್ಣದಾಯಿತು, ಕೊಳವೆ ಅಲ್ಲಾಡಿಸಿದ್ದಾರೆ, ಪ್ಲೇಟ್‌ಲೆಟ್‌ಗಳು ದಾರಿಯಲ್ಲೇ ಕೆರಳಿವೆ. ಆಗ ದಾಖಲೆ ಪುಸ್ತಕದಲ್ಲಿ ಆ ಕೊಳವೆಯ ನಂಬರಿನ ಮುಂದೆ "ಕೈತಪ್ಪು" ಎಂಬ ಒಂದೇ ಮಾತು ಬರೆದು ರಕ್ತವನ್ನು ಚೆಲ್ಲುತ್ತೇವೆ. ರಕ್ತ ಕೊಟ್ಟವರಿಗೇ ಏನಾದರೂ ಆಗಿರಬಹುದೇ ಎಂದು ಯಾರೂ ಕೇಳುವುದಿಲ್ಲ, ಯಾಕೆಂದರೆ ನಮ್ಮಲ್ಲಿಗೆ ಬರುವವರು ಆರೋಗ್ಯವಂತರು ಎಂದು ಮೊದಲ ದಿನವೇ ಒಂದು ಕಾಗದದ ಮೇಲೆ ಸಹಿ ಹಾಕಿರುತ್ತಾರೆ.

ಅಮ್ಮನೂ ಸಹಿ ಹಾಕಿದಳು. ನಮ್ಮಲ್ಲಿ ವಾರದ ಒಂದೊಂದು ದಿನಕ್ಕೆ ಒಬ್ಬೊಬ್ಬರು ರಕ್ತ ಕೊಡುತ್ತಾರೆ. ಗುರುವಾರದ ರಕ್ತ ಕೊಡುತ್ತಿದ್ದವನು ಊರು ಬಿಟ್ಟಿದ್ದ, ನಾನೇ ಅವಳನ್ನು ಕರೆದುಕೊಂಡು ಬಂದೆ. ಅವಳಿಗೆ ಇಲ್ಲಿ ಬರುವುದೆಂದರೆ ಹಬ್ಬದ ಹಾಗೆ. ವಾರವಿಡೀ ಹೊಲಿಗೆ ಯಂತ್ರದ ಮುಂದೆ ಬೇರೆಯವರ ಸಮವಸ್ತ್ರದ ತೋಳು ಗಿಡ್ಡ ಮಾಡುತ್ತ ಕೂರುವವಳು, ಗುರುವಾರ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಒರಗುವ ಕುರ್ಚಿಯಲ್ಲಿ ಕೂತು, ಆದಮೇಲೆ ಹಣ್ಣಿನ ರಸ ಕುಡಿದು, ಎಲ್ಲರ ಬಾಯಲ್ಲೂ ಅಮ್ಮಾ ಅಮ್ಮಾ ಎಂದು ಕರೆಸಿಕೊಳ್ಳುತ್ತಿದ್ದಳು. ರಕ್ತ ತೆಗೆಯುವವನಿಗೆ ನಾವು ಸೂಜಿಯಣ್ಣ ಎನ್ನುತ್ತಿದ್ದೆವು. ಅವನ ಅಂಗಿಯ ಗುಂಡಿ ಹೋಗಿದ್ದರೆ ತನ್ನ ತೋಳಿನಲ್ಲಿ ಸೂಜಿ ಇದ್ದರೂ ಗುಂಡಿ ಹಾಕಿಕೊಡಲಾ ಎಂದು ಕೇಳುವಳು. ಬಂದಿದ್ದೆಯಲ್ಲ ನೀನೂ ಒಂದು ಗುರುವಾರ, ಸೂಜಿಯಣ್ಣ ಇನ್ನೂ ರಕ್ತ ತೆಗೆಯುತ್ತಿದ್ದಾಗ, ರಜೆ ಎಂದು ಎರಡೇ ದಿನಕ್ಕೆ. ಅವಳ ಪಕ್ಕದಲ್ಲಿ ನೀನೂ ತೋಳು ಚಾಚಿ ಒಂದು ಕೊಳವೆ ಕೊಟ್ಟು, ಮೂರು ಜನರ ಬಿಸ್ಕತ್ತು ಒಬ್ಬನೇ ತಿಂದು, ರಾತ್ರಿಯ ಗಾಡಿಗೆ ಹೊರಟೆ. ಅವಳು ಒಂದು ತಿಂಗಳು ಅದನ್ನೇ ಹೇಳಿದಳು.

ಅಮ್ಮನ ರಕ್ತ ಮೊದಲನೇ ಪಟ್ಟಿಯ ಮೇಲೆ ಅಂಟುತ್ತಿತ್ತು. ಮೊದಲ ಗುರುವಾರ ನಲವತ್ತು, ಎರಡನೆಯದು ನಲವತ್ತೇಳು. ಐದು ವಾರ ಐದು ಸಲ ಕೈತಪ್ಪು ಎಂದು ಬರೆದೆ. ಐದನೇ ಸಲ ನಮ್ಮ ಮುಖ್ಯಸ್ಥರ ಬಳಿಗೆ ಪುಸ್ತಕ ತೆಗೆದುಕೊಂಡು ಹೋಗಿ, ಸೂಜಿಯಣ್ಣನ ಕೈ ಕೆಟ್ಟಿದೆ ಎಂದು ನಾನೇ ದೂರು ಕೊಟ್ಟೆ. ಸೂಜಿಯಣ್ಣ ಇಪ್ಪತ್ತು ವರ್ಷದಿಂದ ಮಕ್ಕಳೂ ಅಳದ ಹಾಗೆ ರಕ್ತ ತೆಗೆದವನು. ಅವನನ್ನು ನೆಲಮಾಳಿಗೆಯ ಶೀತಲ ಕೋಣೆಗೆ, ಬಾಟಲಿ ಜೋಡಿಸುವ ಕೆಲಸಕ್ಕೆ ಹಾಕಿದರು. ಹೋಗುವಾಗ ನನ್ನ ಮೇಜಿನ ಬಳಿ ನಿಂತು ಅವನು ಕೇಳಿದ್ದು ಒಂದೇ ಮಾತು. "ಸೋಮವಾರದ್ದೂ ನಾನೇ ತೆಗೀತೀನಿ, ಬುಧವಾರದ್ದೂ ನಾನೇ ತೆಗೀತೀನಿ. ಗುರುವಾರ ಮಾತ್ರ ನನ್ನ ಕೈ ಕೆಡುತ್ತಾ ಅಕ್ಕಾ?" ಗುರುವಾರ ನಿನಗೆ ನಮ್ಮಮ್ಮನ ಜೊತೆ ಹರಟೆ ಜಾಸ್ತಿ ಎಂದೆ. ಅವನು ಸೂಜಿಗಳ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದ.

ಮುಂದಿನ ವಾರದಿಂದ ನಾನೇ ತೆಗೆದೆ. ತೋಳಿಗೆ ಪಟ್ಟಿ ಕಟ್ಟಿ ಮೂವತ್ತು ಎಣಿಸುವುದರೊಳಗೆ ಬಿಚ್ಚಿದೆ, ದಪ್ಪ ಸೂಜಿ, ಕೊಳವೆಯನ್ನು ಎಳೆಗೂಸಿನ ಹಾಗೆ ಹಿಡಿದು ಒಳಗೆ ಒಯ್ದೆ. ಐವತ್ತೆರಡು ಅಂಟಿದವು. ನನ್ನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆಯೋ ಗೊತ್ತಿಲ್ಲ, ನಾನು ಮಾಡಿದ್ದು ಹೇಳುತ್ತೇನೆ. ಒಬ್ಬನನ್ನು ಕೈತಪ್ಪು ಎಂದು ನೆಲಮಾಳಿಗೆಗೆ ದಬ್ಬಿದ ಮೇಲೆ ನನ್ನ ಕೈಗೂ ಅದೇ ಮಾತು ಬರೆಯಲು ಮನಸ್ಸು ಬರಲಿಲ್ಲ. ಹೇಗೂ ಔಷಧಿ ಹಾಕಿದ ಹಾಗೇ ಅಂಟಿವೆಯಲ್ಲ ಎಂದು ಆ ಐವತ್ತೆರಡನ್ನು ಪುಸ್ತಕದಲ್ಲಿ ಎರಡನೇ ಪಟ್ಟಿಯ ಮನೆಯಲ್ಲಿ ಬರೆದೆ. ಮೊದಲನೇ ಪಟ್ಟಿಯ ಮನೆಗೆ ಬುಧವಾರದವನ ಅಂಕಿ ಎತ್ತಿ ಹಾಕಿದೆ. ಒಂದು ವಾರ ಎಂದುಕೊಂಡು ಶುರುಮಾಡಿದ್ದು ಹದಿನೆಂಟು ಗುರುವಾರ ನಡೆಯಿತು. ಮುಖ್ಯಸ್ಥರು ಪುಸ್ತಕ ನೋಡಿ, ಇಷ್ಟು ಚೆಂದದ ಅಂಕಿ ಈ ಕಟ್ಟಡದಲ್ಲೇ ಬಂದಿಲ್ಲ, ನಿಮ್ಮದು ಬಂಗಾರದ ಕೈ ಎಂದರು. ನನಗೆ ಎಷ್ಟು ಹಿಗ್ಗಾಯಿತು ಎಂದರೆ, ಆ ದಿನ ಅಮ್ಮನನ್ನು ಒಳಗೆ ಕರೆದು ಸೂಕ್ಷ್ಮದರ್ಶಕದ ತೆರೆಯ ಮೇಲೆ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿದಳು. ಬಸ್ಸು ತಪ್ಪಿಸಿಕೊಂಡವರ ಹಾಗೆ ನಿಂತುಬಿಟ್ಟಿವೆಯಲ್ಲ ಎಂದು ನಕ್ಕಳು. ಆಮೇಲೆ ಮೆಲ್ಲಗೆ, "ನನ್ನ ಒಳಗೂ ಹೀಗೇ ಅಂಟಿಕೊಳ್ತವೇನೇ?" ಎಂದು ಕೇಳಿದಳು. ಒಳಗೆಲ್ಲ ಹಾಗಾಗಲ್ಲಮ್ಮ, ಇದು ಗಾಜಿನ ಮೇಲಿನ ಆಟ ಎಂದೆ.

ಕೊನೆಯ ಒಂದು ತಿಂಗಳು ಅವಳಿಗೆ ಎಡಗಾಲು ನೋವಿತ್ತು. ಯಂತ್ರ ತುಳಿದು ತುಳಿದು ಹಾಗಾಗಿದೆ ಎಂದು ಅವಳೂ ಅಂದಳು, ನಾನೂ ಅಂದೆ. ನಿನಗೂ ಫೋನಿನಲ್ಲಿ ಹೇಳಿದ್ದಳು, ಒಂದ್ಸಲ ಬಂದು ಹೋಗು ಅಂದಿದ್ದಳು, ನೀನು ಮುಂದಿನ ತಿಂಗಳು ಅಂದಿದ್ದೆ. ಇದನ್ನು ನಾನು ಜನರ ಮುಂದೆ ಬೆರಳು ತೋರಿಸಿ ಹೇಳಲಿಲ್ಲ, ಗಮನಿಸು. ಆ ಕೊನೆಯ ಗುರುವಾರ ಇಬ್ಬರೂ ಜೊತೆಗೇ ಬಂದೆವು. ಅವಳು ಮೆಟ್ಟಿಲಲ್ಲಿ ಎರಡು ಸಲ ನಿಂತಳು. ರಕ್ತ ಕೊಟ್ಟಳು, ಹಣ್ಣಿನ ರಸ ಅರ್ಧ ಕುಡಿದಳು, ಎದ್ದು ಪಡಸಾಲೆಯ ಬೆಂಚಿನವರೆಗೆ ಹೋದವಳು ಎದೆ ಹಿಡಿದುಕೊಂಡು ಸ್ವಲ್ಪ ಕೂರ್ತೀನಿ ಅಂದಳು. ತೆಗೆದ ರಕ್ತ ಹಳತಾದರೆ ಕೆಲಸಕ್ಕೆ ಬಾರದು. ಕೂತಿರು ಬಂದೆ ಎಂದು ನಾನು ಕೊಳವೆ ಹಿಡಿದು ಒಳಗೆ ಹೋದೆ. ಮುಕ್ಕಾಲು ಗಂಟೆಯಲ್ಲಿ ಪಟ್ಟಿ ಸಿದ್ಧಮಾಡಿ, ಪಂಪು ಹಾಕಿ, ಅರವತ್ತಮೂರು ಎಣಿಸಿದೆ, ಅದುವರೆಗಿನ ಅಂಕಿಗಳಲ್ಲೆಲ್ಲ ಅದೇ ದೊಡ್ಡದು. ಹೇಳೋಣವೆಂದು ಹೊರಗೆ ಬಂದೆ. ಅವಳು ಗೋಡೆಗೆ ಒರಗಿದ್ದಳು, ಒಂದು ಚಪ್ಪಲಿ ಕಾಲಿನಿಂದ ಕಳಚಿ ಬಿದ್ದಿತ್ತು. ನನ್ನ ಕೂಗಿಗೆ ಮೊದಲು ಓಡಿ ಬಂದದ್ದು ಸೂಜಿಯಣ್ಣ, ನೆಲಮಾಳಿಗೆಯಿಂದ. ಒಳಗೆ ಪಂಪು ನಿಲ್ಲಿಸುವುದನ್ನು ಮರೆತಿದ್ದೆ, ಅವಳ ರಕ್ತ ಇನ್ನೂ ಗಾಜಿನ ಮೇಲೆ ಹರಿಯುತ್ತಲೇ ಇತ್ತು.

ಕಾಲಿನಲ್ಲಿ ಕಟ್ಟಿದ ಗಂಟು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಯಿತು ಎಂದು ಆಸ್ಪತ್ರೆಯ ರಕ್ತದ ಡಾಕ್ಟರು ಹೇಳಿದರು. ಇವರ ರಕ್ತದಲ್ಲಿ ಮೊದಲು ಯಾರಾದರೂ ಏನಾದರೂ ಕಂಡಿದ್ದರೇ ಎಂದು ಕೇಳಿದರು. ಯಾರೂ ಕಂಡಿಲ್ಲ ಎಂದೆ. ಆರು ತಿಂಗಳು ಆ ಪುಸ್ತಕ ಮುಟ್ಟಲಿಲ್ಲ. ಆಮೇಲೆ ಒಂದು ದಿನ ಮೊದಲ ಪುಟದಿಂದ ಓದಿದೆ, ಎಲ್ಲವನ್ನೂ ಬರೆದು ಮುಖ್ಯಸ್ಥರ ಮುಂದೆ ಇಟ್ಟೆ. ಅವರು ಬಾಗಿಲು ಹಾಕಿದರು. ಅಂಕಿಗಳು ಅಚ್ಚಾಗಿ ಹೋಗಿವೆ, ಈಗ ಎತ್ತಿದರೆ ಎಲ್ಲರ ಅನ್ನಕ್ಕೂ ಕಲ್ಲು ಬೀಳುತ್ತದೆ ಎಂದರು. ನಾನು ಎದ್ದಾಗ, ಏನೋ ನೆನಪಾದವರ ಹಾಗೆ, "ಅಂಥ ರಕ್ತ ನಿಮ್ಮ ಮನೇಲಿ ಇನ್ಯಾರಿಗಾದ್ರೂ ಇದೆಯಾ? ಇದ್ದರೆ ಕರ್ಕೊಂಡು ಬನ್ನಿ, ತುಂಬ ಉಪಯೋಗ ಆಗುತ್ತೆ" ಎಂದರು. ಇಲ್ಲ ಎಂದೆ. ನನ್ನದನ್ನು ನಾನೇ ಮೂರು ಸಲ ಪರೀಕ್ಷಿಸಿದ್ದೆ, ನನ್ನದು ಅಂಟುವುದಿಲ್ಲ, ಹರಿದು ಹೋಗುತ್ತದೆ. ರಕ್ತದ ಡಾಕ್ಟರ ಬಳಿಗೆ ಮತ್ತೆ ಹೋಗಿ ಪುಸ್ತಕದಲ್ಲಿದ್ದದ್ದನ್ನೆಲ್ಲ ಹೇಳಿದ್ದು ಮಾತ್ರ ನಿನ್ನೆ, ಚಿಕ್ಕಮ್ಮನ ಫೋನು ಬಂದ ಮೇಲೆ.

ಇಲ್ಲಿಯವರೆಗೆ ಓದಿದ್ದರೆ ನಿನ್ನ ಜೀವನದಲ್ಲೇ ನೀನು ಮುಗಿಸುತ್ತಿರುವ ಮೊದಲ ಪತ್ರ ಇದು. ಅಮ್ಮ ನೋಡಿದ್ದರೆ ಖುಷಿಪಡುತ್ತಿದ್ದಳು. ಅವಳ ಯಂತ್ರ ನನ್ನ ಹತ್ತಿರವೇ ಇದೆ. ಸೂಜಿಯ ಕೆಳಗೆ ನಿನ್ನ ಕೆಲಸದ ಅಂಗಿ ಅರ್ಧ ಹೊಲಿದು ನಿಂತಿದೆ. ಅದನ್ನು ಬಿಚ್ಚಲೂ ಇಲ್ಲ, ಮುಗಿಸಲೂ ಇಲ್ಲ, ನನಗೆ ಹೊಲಿಗೆ ಬರುವುದಿಲ್ಲ. ಸೂಜಿಯಣ್ಣ ಇನ್ನೂ ನೆಲಮಾಳಿಗೆಯಲ್ಲೇ ಇದ್ದಾನೆ, ಎದುರಾದರೆ ಚೆನ್ನಾಗಿದ್ದೀರಾ ಅಕ್ಕಾ ಎನ್ನುತ್ತಾನೆ, ಅದನ್ನು ಕೇಳಲಾಗದೆ ನಾನು ಹಿಂದಿನ ಮೆಟ್ಟಿಲಿನಿಂದ ಓಡಾಡುತ್ತೇನೆ. ಚಿಕ್ಕಮ್ಮನ ಮೇಲೆ ಹಾರಾಡಬೇಡ, ಅವಳಿಗೆ ಇದ್ಯಾವುದೂ ಗೊತ್ತಿಲ್ಲ. ದೊಡ್ಡವಳಾದ ನಾನು ಹರಸಬೇಕು, ಹರಸುತ್ತೇನೆ. ತೊಂಬತ್ತು ವರ್ಷ ಬದುಕು, ಬದುಕಿರುವಷ್ಟು ದಿನವೂ ನನ್ನನ್ನು ಬೈದುಕೊಂಡೇ ಇರು.

ಇಂತಿ,
ನೀನು ಹೆಸರಿಟ್ಟ ಹಾಗೆ ಜಿಗಣೆ,
ಹುಟ್ಟಿದ ಲೆಕ್ಕದಲ್ಲಿ ನಿನ್ನ ಅಕ್ಕ

ತಾ.ಕ.: ತುರ್ತು ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ನಾಳೆ ನೀನು ಪಾಳಿಗೆ ಹೊರಡುವ ಮೊದಲು ಇದು ಮುಟ್ಟುತ್ತದೆ ಎನ್ನುತ್ತಾನೆ. ಇನ್ನೂರ ಹದಿನಾಲ್ಕನೇ ಕೊಳವೆ ನಿನ್ನದು. ಔಷಧಿ ಹಾಕದ ಪಟ್ಟಿಯ ಮೇಲೆ ಐವತ್ತೆಂಟು ಅಂಟಿದ್ದವು, ಆ ನಂಬರಿನ ಮುಂದೆ ನಾನೇ ಕೈತಪ್ಪು ಎಂದು ಬರೆದಿದ್ದೆ. ಮನೆಯಲ್ಲಿ ಇನ್ಯಾರಿಗೂ ಇಲ್ಲ ಎಂದು ಮುಖ್ಯಸ್ಥರಿಗೆ ನಾನು ಹೇಳಿದ್ದು ಸುಳ್ಳು. ಇದು ನನಗೆ ತಿಳಿದು ಐದು ತಿಂಗಳಾಯಿತು. ಮೊದಲು ನೀನು ತಪ್ಪಾಯಿತು ಅನ್ನಲಿ ಎಂದು ಕಾದೆ. ಕ್ರೇನ್ ಹತ್ತಬೇಡ. ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಿ ಕಾಲಿನ ರಕ್ತನಾಳದ ಸ್ಕ್ಯಾನ್ ಮಾಡಿ ಎನ್ನು, ಡಾಕ್ಟರ ಚೀಟಿ ಇದರೊಳಗಿದೆ. ಯಾರ ಕೈಯಲ್ಲೂ ಕಾಲು ಒತ್ತಿಸಿಕೊಳ್ಳಬೇಡ, ಒತ್ತಿದರೆ ಒಳಗಿನ ಗಂಟು ಕಿತ್ತುಕೊಂಡು ಮೇಲಕ್ಕೆ ಹೋಗುತ್ತದೆ. ಆ ಗುರುವಾರ ಬೆಳಿಗ್ಗೆ, ಇಲ್ಲಿಗೆ ಹೊರಡುವ ಮುಂಚೆ, ಅಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿ ಒತ್ತಿದ್ದೆ. ಡಾಕ್ಟರಿಗೂ ಇದನ್ನು ಹೇಳಿಲ್ಲ. ಹಾಯಾಗಿದೆ ಕಣೇ, ಇನ್ನೂ ಸ್ವಲ್ಪ ಜೋರಾಗಿ ಒತ್ತು ಅಂದಳು. ಒತ್ತಿದೆ.